ಕೌದಿ ಕಟ್ಟಿದ ಮೊಣಕಾಲು

ಮನುಷ್ಯನ ದೇಹದಲ್ಲಿ ವಿನಯ ನೆಲೆಸಿರುವುದು ತಲೆಯಲ್ಲಲ್ಲ, ಮೊಣಕಾಲಿನಲ್ಲಿ. ಅದು ಬಾಗದ ಹೊರತು ಮಿಕ್ಕದ್ದೆಲ್ಲ ಬಾಗಿದರೂ ಲೆಕ್ಕಕ್ಕಿಲ್ಲ. ಈ ಮಹಾಸತ್ಯ ನನಗೆ ಹೊಳೆದದ್ದು ಮೊನ್ನೆ, ವಾಲ್ನಟ್ ಕ್ರೀಕಿನ ಒಂದು ಕ್ಲಿನಿಕ್ಕಿನಲ್ಲಿ, ಪ್ಯಾಂಟನ್ನು ತೊಡೆಯವರೆಗೆ ಮಡಚಿಕೊಂಡು ಕೂತಿದ್ದಾಗ. ಪಾರ್ಕಿಂಗ್ ಗ್ಯಾರೇಜಿನಲ್ಲಿ ಇನ್ನೂ ಒಂದು ಮೆಟ್ಟಿಲಿದೆ ಎಂದುಕೊಂಡು, ಇಲ್ಲದ ಮೆಟ್ಟಿಲಿನ ಮೇಲೆ ಕಾಲಿಟ್ಟಿದ್ದೆ. ವಿನಯಕ್ಕೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಅಲ್ಲಿನ ಹುಡುಗಿ ಮುಲಾಮು ಸವರಿ, ಅದರ ಮೇಲೆ ಕರಿ ರಬ್ಬರಿನ ಪಟ್ಟಿಯೊಂದನ್ನು ಬಿಗಿದಳು. ಹೊಸ ರಬ್ಬರು, ಅದರಡಿಯಿಂದ ಏಳುವ ಮುಲಾಮಿನ ಘಾಟು... ಆ ವಾಸನೆಯ ಹಿಂದೆಯೇ ಪಕ್ಕದ ಮನೆಯ ಚಾಚಾ ನೆನಪಾದರು.

ಅದು ಡಾಟ್‌ಕಾಮ್ ಕಾಲ. ಹೇವರ್ಡಿನ ಅಪಾರ್ಟ್‌ಮೆಂಟಿನಲ್ಲಿ ನಮ್ಮದೂ ಅವರದೂ ಒಂದೇ ಗೋಡೆ. ನಾನಿದ್ದ ಕಂಪನಿ ಏನು ಮಾರುತ್ತದೆ ಎಂಬುದು ನನಗೂ ಕಂಪನಿಗೂ ಸರಿಯಾಗಿ ತಿಳಿದಿರಲಿಲ್ಲ. ಚಾಚಾ ಮಾರುತ್ತಿದ್ದುದನ್ನು ಮಾತ್ರ ಮುಟ್ಟಿ ನೋಡಬಹುದಿತ್ತು. ಅವರು ಇಳಕಲ್ಲಿನವರು. ತಮ್ಮೂರ ಕೆಂಪು ಗ್ರಾನೈಟನ್ನು ಹಡಗಿನಲ್ಲಿ ತರಿಸಿ, ಗೋದಾಮಿನಲ್ಲಿ ಕೊಯ್ಯಿಸಿ, ಷೇರಿನ ದೆಸೆಯಿಂದ ರಾತ್ರೋರಾತ್ರಿ ಸಿರಿವಂತರಾದವರ ಅಡುಗೆಕಟ್ಟೆಗೆ ಹೊದಿಸುತ್ತಿದ್ದರು. ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. ‘ಏ ಮೈಸೂರು’ ಎಂದರೆ ನಾನೇ.

ಐವತ್ತು ದಾಟಿದ್ದ ಚಾಚಾ ತಮ್ಮ ಮೊಣಕಾಲುಗಳನ್ನು ಕಾಪಾಡಿಕೊಂಡಷ್ಟು ಭಕ್ತಿಯಿಂದ ರಾಜರು ಕಿರೀಟವನ್ನೂ ಕಾಪಾಡಿಕೊಂಡಿರಲಾರರು. ಮೆಟ್ಟಿಲನ್ನು ಅಡ್ಡಡ್ಡ ಇಳಿಯುತ್ತಿದ್ದರು. ಕಲ್ಲಿನ ಚಪ್ಪಡಿಗೆ ತಾವಾಗಿ ಕೈಹಚ್ಚುತ್ತಿರಲಿಲ್ಲ. ಕಾರಣವನ್ನು ಒಮ್ಮೆ ಹೇಳಿದ್ದರು. ಅವರ ತಂದೆ ಮೊಣಕಾಲು ಕಳೆದುಕೊಂಡು ಕಡೆಗಾಲದಲ್ಲಿ ಕುರ್ಚಿಯ ಮೇಲೆ ಕೂತೇ ನಮಾಜು ಮಾಡಿದವರು. ಆಗದವರು ಹಾಗೆ ಮಾಡಬಹುದು, ಅದರಲ್ಲಿ ತಪ್ಪಿಲ್ಲ. ಆದರೂ ಹಣೆ ನೆಲಕ್ಕೂರುವ ಸಜ್ದಾದ ಹೊತ್ತಿಗೆ ಆ ಮುದುಕರು ನೆಲ ನೋಡುತ್ತಿದ್ದ ರೀತಿ ಮಗನ ಮನಸ್ಸಿನಿಂದ ಹೋಗಿರಲಿಲ್ಲ.

“ಹಣಿ ನೆಲಕ್ಕ ಮುಟ್ಟಲಿಲ್ಲಂದ್ರ, ಅರ್ಧಾ ಮಾತಾಡಿ ಫೋನ್ ಇಟ್ಟಂಗಪಾ,” ಎಂದಿದ್ದರು. ಅಲ್ಲಾಹನಲ್ಲಿ ಅವರು ಬೇಡುತ್ತಿದ್ದುದು ಒಂದೇ... ಕೊನೆಯ ದಿನದವರೆಗೂ ಮಡಚುವ ಮೊಣಕಾಲು.

ಇಂಥ ಮನುಷ್ಯ ಪ್ರತಿ ಚಳಿಗಾಲ ಸಿಯೆರಾ ಬೆಟ್ಟಕ್ಕೆ ಹೋಗಿ ಸ್ನೋಮೊಬೈಲು ಓಡಿಸುತ್ತಾರೆಂದು ತಿಳಿದಾಗ ನಾನು ತಮಾಷೆ ಎಂದುಕೊಂಡೆ. ಮುಂದೆ ಎರಡು ಹಲಗೆ, ಹಿಂದೆ ಹಲ್ಲಿರುವ ಪಟ್ಟಾ, ನಡುವೆ ಕೆಟ್ಟ ಕೋಪದ ಎಂಜಿನ್ನು. ಹಿಮದ ಮೇಲೆ ಓಡುವ ಬೈಕು ಅದು. ಯಾವನೋ ಗಿರಾಕಿ ಒಮ್ಮೆ ಕರೆದುಕೊಂಡು ಹೋಗಿ ರುಚಿ ಹತ್ತಿಸಿದ್ದನಂತೆ. ಪ್ರಾಯದಲ್ಲಿ ಕಲ್ಲುಕ್ವಾರಿಗಳ ಕೆಸರಿನಲ್ಲಿ ಬುಲೆಟ್ ಓಡಿಸಿದ ಕೈಗೆ ಇಲ್ಲಿನ ಫ್ರೀವೇ ಸಪ್ಪೆ ಎನಿಸಿರಬೇಕು.

ಹೊರಡುವ ಮುನ್ನ ಒಂದು ದೊಡ್ಡ ವಿಧಿಯೇ ನಡೆಯುತ್ತಿತ್ತು. ಮೊದಲು ಪಾರ್ಕಿಂಗಿನಲ್ಲಿ ಗರಡಿಮನೆಯ ಬೈಠಕ್. ತೊಡೆ ಗಟ್ಟಿಯಿದ್ದರೆ ಮೊಣಕಾಲಿಗೆ ಭಾರ ಬೀಳುವುದಿಲ್ಲವೆಂದು. ಆಮೇಲೆ ಮುಲಾಮು. ಅದರ ಮೇಲೆ ಚಾಚಿ ಹಳೆ ಸೀರೆಗಳಿಂದ ಹೊಲಿದ ಪುಟ್ಟ ಕೌದಿಗಳು, ಕಾಲಿಗೊಂದು. ಕೌದಿಯ ಹೊಟ್ಟೆ ಬರಿದಿರಬಾರದೆಂದು ಅವರ ಉತ್ತರದ ಕಡೆ ಹೊಲಿಗೆ ಮುಗಿಸುವಾಗ ಜೋಳದ ರೊಟ್ಟಿಯ ಚೂರು ಇಡುತ್ತಾರಲ್ಲ, ಚಾಚಿ ಇವಕ್ಕೂ ಇಟ್ಟಿದ್ದರು. ಕೌದಿಯ ಮೇಲೆ ರಬ್ಬರು ಪಟ್ಟಿಗಳಿಂದ ಬಿಗಿಯುವ ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು. ಹೀಗೆ ವಿಜ್ಞಾನ, ವ್ಯಾಯಾಮ, ಜೋಳ ಮೂರೂ ಸೇರಿ ಚಾಚಾನ ಮೊಣಕಾಲನ್ನು ಕಾಯುತ್ತಿದ್ದವು.

ಒಂದು ಸಲ ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿನ ಗೈಡು ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿಕೊಂಡು ಪಾಠ ಹೇಳಿದ. ಏಟು ಬೀಳುವ ಕಡೆ ಕೂರಬೇಡಿ, ಎದ್ದು ನಿಂತು ಮೊಣಕಾಲು ಸಡಿಲ ಬಿಡಿ. ಗಾಡಿ ವಾಲಿದರೆ ಮೈಯನ್ನು ವಾಲಿಸಿ; ಪಾದ ಮಾತ್ರ ಕಾಲಿಡುವ ಪಟ್ಟಿ ಬಿಟ್ಟು ಹೊರಗೆ ಬರಕೂಡದು. ಚಾಚಾ ಅದನ್ನು ನನಗಾಗಿ ಕನ್ನಡಕ್ಕೂ ತಂದರು.

“ಏನರ ಆಗ್ಲಿ, ಕಾಲ ಹೊರಗ ತಗೀಬ್ಯಾಡ. ಗಾಡಿ ಬಿದ್ರ ಬೀಳ್ಳಿ. ತಿಳೀತಿಲ್ಲೋ ಮೈಸೂರು?”

“ನನಗೆ ಇಂಗ್ಲಿಷ್ ಬರತ್ತೆ ಚಾಚಾ.”

“ಇಂಗ್ಲಿಷ್ ಬರತೈತಿ. ಗಾಡಿ ಬರಂಗಿಲ್ಲಲಾ.”

ಆಮೇಲೆ ಕಂಡದ್ದನ್ನು ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಮೆಟ್ಟಿಲನ್ನು ಅಡ್ಡಡ್ಡ ಇಳಿಯುತ್ತಿದ್ದ ಆ ಮನುಷ್ಯ ಗಾಡಿಯ ಮೇಲೆ ಎದ್ದು ನಿಂತು, ದಿಬ್ಬದಿಂದ ದಿಬ್ಬಕ್ಕೆ ಹಾರಿಸಿಕೊಂಡು ಹೋದರು. ಗಡ್ಡದ ತುಂಬ ಹಿಮ. ಏಟು ಬಿದ್ದಾಗಲೆಲ್ಲ ಮೊಣಕಾಲು ಸ್ಪ್ರಿಂಗಿನಂತೆ ಇಳಿದು ಏಳುತ್ತಿತ್ತು. ನಾನು ಹಿಂದೆ ಎಮ್ಮೆಯ ವೇಗದಲ್ಲಿ ಬರುತ್ತ, ಗೋಡೆಯಾಚೆ ಇಷ್ಟು ದಿನ ಯಾರು ವಾಸವಾಗಿದ್ದರು ಎಂದು ಯೋಚಿಸುತ್ತಿದ್ದೆ.

ಮಧ್ಯಾಹ್ನದ ಮೇಲೆ ಒಂದು ಇಳಿಜಾರಿನಲ್ಲಿ ಜೋರಾಗಿ ತಿರುಗಿಸಿದರು. ಗಾಡಿ ಎಡಕ್ಕೆ ವಾಲಿತು. ಬಿಟ್ಟಿದ್ದರೆ ಮೆತ್ತನೆ ಹಿಮದಲ್ಲಿ ಹೊರಳಿ, ಬೈದುಕೊಂಡು ಏಳುತ್ತಿದ್ದರು. ಆದರೆ ಅವರ ಎಡಗಾಲು ಹೊರಗೆ ಬಂತು... ಕ್ವಾರಿಯ ಕೆಸರಿನಲ್ಲಿ ಬುಲೆಟ್ ಜಾರಿದಾಗ ನೆಲಕ್ಕೆ ಕೊಡುವ ಕಾಲು. ನಮ್ಮ ಕಡೆ ದ್ವಿಚಕ್ರ ಓಡಿಸಿದ ಯಾರಿಗೂ ಅದು ತಾನಾಗಿಯೇ ಹೋಗುತ್ತದೆ, ಕೇಳಿಕೊಂಡು ಹೋಗುವುದಿಲ್ಲ. ಪಾದ ಹಿಮದಲ್ಲಿ ಹೂತುಕೊಂಡಿತು. ಗಾಡಿ ನಿಲ್ಲಲಿಲ್ಲ.

ನಾನು ಹತ್ತಿರ ಹೋದಾಗ ಚಾಚಾ ಕೂತಿದ್ದರು. ಚಿಪ್ಪಿನ ಮೇಲೆ ಒಂದು ಗೀರೂ ಇರಲಿಲ್ಲ. ಅದರ ಕೆಳಗೆ ಕಾಲು, ಕಾಲು ಹೋಗಬಾರದ ದಿಕ್ಕಿಗೆ ಹೋಗಿತ್ತು. ಅಷ್ಟೆಲ್ಲ ಕಟ್ಟಿದ್ದು ಏಟಿನಿಂದ ಕಾಪಾಡಲು. ತಿರುಚಿದರೆ ಏನು ಗತಿ ಎಂದು ಯಾರೂ ಯೋಚಿಸಿರಲಿಲ್ಲ. ಚಾಚಾ ಅದನ್ನು ಬೇರೆ ಯಾರದೋ ಕಾಲನ್ನು ನೋಡುವಂತೆ ನೋಡುತ್ತಿದ್ದರು.

“ನಾನಽ ಹೇಳಿದ್ನಲ್ಲಪಾ ನಿನಗ,” ಎಂದರು ಮೆಲ್ಲಗೆ.

ರಕ್ಷಣೆಯವರು ಬಂದು ಜಾರುಹಲಗೆಯ ಮೇಲೆ ಮಲಗಿಸಿ ಬೆಲ್ಟು ಬಿಗಿದರು. ಹೊರಡುವ ಮುನ್ನ ಚಾಚಾ ನನ್ನ ತೋಳು ಹಿಡಿದು, ಈಶಾನ್ಯ ಯಾವ ಕಡೆ ಎಂದು ಕೇಳಿದರು. ನೋವಿಗೆ ಬಡಬಡಿಸುತ್ತಿದ್ದಾರೆ ಎಂದುಕೊಂಡೆ. ಹಾಗಲ್ಲ, ಅಸರ್ ನಮಾಜಿನ ಹೊತ್ತಾಗಿತ್ತು. ಇಲ್ಲಿಂದ ಮಕ್ಕಾ ಆ ದಿಕ್ಕಿಗೆ. ನಾನು ಕೈ ತೋರಿಸಿದೆ. ಹಿಮವನ್ನೇ ಉಜ್ಜಿ ಕೈಮುಖ ಒರೆಸಿಕೊಂಡು, ಮಲಗಿದಲ್ಲೇ ಕತ್ತನ್ನು ಅಷ್ಟಷ್ಟೇ ಬಾಗಿಸಿ ನಮಾಜು ಮುಗಿಸಿದರು. ರಕ್ಷಣೆಯ ಹುಡುಗರು ಟೋಪಿ ತೆಗೆದು ನಿಂತಿದ್ದರು. ಏಕೆ ಎಂದು ಅವರಿಗೂ ತಿಳಿದಿರಲಾರದು.

ಆಸ್ಪತ್ರೆಗೆ ಬಂದ ಚಾಚಿ ಅಳಲಿಲ್ಲ. ಕತ್ತರಿಸಿ ತೆಗೆದ ಪಟ್ಟಿ, ಚಿಪ್ಪು, ಕೌದಿಗಳನ್ನೆಲ್ಲ ಚೀಲಕ್ಕೆ ತುಂಬುತ್ತ ನನಗೆ ಹೇಳಿದರು: “ಮಣಕಾಲಿಗೆ ಅಂಗಿ ಹೊಲ್ದೆ. ಕಾಲಿಗೆ ಬುದ್ಧಿ ಹೊಲ್ಯಾಕ ನನಗೆಲ್ಲಿ ಬರತೈತಿ, ಬೇಟಾ?” ಚಾಚಾ ಕಣ್ಣು ಮುಚ್ಚಿಕೊಂಡೇ, ಕೇಳಿಸ್ತು ಎಂದರು.

ಶಸ್ತ್ರಚಿಕಿತ್ಸೆಯಾಯಿತು. ಕಾಲು ನಡೆಯಲು ಬಂತು, ಕಾರು ಓಡಿಸಲೂ ಬಂತು. ಪೂರ್ತಿ ಮಡಚಲು ಬರಲಿಲ್ಲ. ಒಂದು ಸಂಜೆ ಚಾಚಿ ಗೋಡೆ ಬಡಿದರು. ಓಡಿಹೋದರೆ, ಚಾಚಾ ಚಾಪೆಯ ಮೇಲೆ ಹಣೆಯೂರಿದ್ದರು; ಎಡಗಾಲು ಪಕ್ಕಕ್ಕೆ ನೇರವಾಗಿ ಚಾಚಿಕೊಂಡಿತ್ತು. ಹೇಗೋ ಇಳಿದಿದ್ದರು, ಏಳಲಾಗಿರಲಿಲ್ಲ. ಇಬ್ಬರೂ ಸೇರಿ ಎತ್ತಿದೆವು. ಮುಖ ಒದ್ದೆಯಾಗಿತ್ತು. ಮುಟ್ಟಿತು ನೋಡಪಾ, ಎಂದಷ್ಟೇ ಅಂದರು... ಮಾರನೆಯ ದಿನ ಮಸೀದಿಯಲ್ಲಿ ಸಾಲಿನ ತುದಿಗೆ ಒಂದು ಮಡಚುವ ಕುರ್ಚಿ ಹಾಕಿಸಿಕೊಂಡರು. ಆಮೇಲೆ ಅದರಿಂದ ಇಳಿಯುವ ಪ್ರಯತ್ನ ಮಾಡಲಿಲ್ಲ.

ನನ್ನ ಕಂಪನಿ ಕಣ್ಮರೆಯಾಯಿತು. ಅಡುಗೆಕಟ್ಟೆಗಳ ಹುಚ್ಚೂ ಇಳಿಯಿತು. ನಾವು ಮನೆ ಬದಲಿಸಿದೆವು. ಹಬ್ಬಕ್ಕೊಮ್ಮೆ ಫೋನು, ಬಳಿಕ ಅದೂ ಅಪರೂಪ...

ಕ್ಲಿನಿಕ್ಕಿನಿಂದ ಮನೆಗೆ ಬಂದು ಚಾಚಿಗೆ ಫೋನು ಮಾಡಿದೆ. ಚಾಚಾ ಹೋದ ಚಳಿಗಾಲದಲ್ಲೇ ತೀರಿಕೊಂಡಿದ್ದರು. ನನ್ನ ಹಳೆಯ ನಂಬರಿಗೆ ಮಾಡಿಮಾಡಿ ಸಾಕಾಯಿತೆಂದರು. ಮಣ್ಣಿಗೆ ಬಹಳ ಜನ ಬಂದಿದ್ದರಂತೆ. ಅಷ್ಟೂ ಜನ ಸೇರಿ ಅವರಿಗಾಗಿ ಜನಾಜಾದ ನಮಾಜು ಮಾಡಿದರಂತೆ. ಆ ನಮಾಜಿನಲ್ಲಿ ಯಾರೂ ಮೊಣಕಾಲೂರುವುದಿಲ್ಲ. ಎಲ್ಲರೂ ನಿಂತೇ ಮಾಡುತ್ತಾರೆ.