ಹೊರಗೆ ಬಿಟ್ಟ ನಾಲ್ಕು ಕಲ್ಲು

ಇವತ್ತು ಬೆಳಿಗ್ಗೆ ಮತ್ತೆ ಹಣೆಗೆ ಅದೇ ಕಲ್ಲು ಬಡಿಯಿತು. ಅರಿಶಿನ-ಸುಣ್ಣ ಮೆತ್ತಿಕೊಂಡು ಬರೆಯುತ್ತಿದ್ದೇನೆ. ಮಾತು ಸಿಡುಕಿದರೆ ಬೇಸರಿಸಬೇಡಿ. ಐವತ್ತು ದಾಟಿದ ಮನುಷ್ಯ ಹುಟ್ಟಿದ ಮನೆಯ ಗೋಡೆಗೆ ಇನ್ನೂ ಹಣೆ ಬಡಿಸಿಕೊಳ್ಳುತ್ತಾನೆಂದರೆ ತಪ್ಪು ಯಾರದು? ಗೋಡೆಯದೇ!

ಪಾಲಬಾವಿಯ ಹೊರಗೆ, ಕಲ್ಲಿನ ಖಣಿಯ ಅಂಚಿಗೆ, ಕಲ್ಲು ಒಡೆಯುವವರು ತಮಗಾಗಿ ಕಟ್ಟಿಕೊಂಡ ಏಳು ಮನೆಗಳ ಸಾಲು ನಮ್ಮದು. ಚೌಕ ಕಲ್ಲೆಲ್ಲ ದೊಡ್ಡವರ ವಾಡೆಗಳಿಗೆ ಹೋದವು. ಸೊಟ್ಟವು ನಮಗೆ ಉಳಿದವು. ಅವನ್ನೇ ಕೆಸರಿನಲ್ಲಿ ಕೂರಿಸಿ, ಸಂದಿಗೆ ಚಕ್ಕೆ ಬಡಿದು, ಮೇಲೆ ಮಣ್ಣಿನ ಮಾಳಿಗೆ ಹಾಕಿದರು. ಬೇಸಿಗೆಯಲ್ಲಿ ಒಳಗೆ ಎಷ್ಟು ತಂಪೆಂದರೆ, ಬೇಡಕಿಹಾಳದ ನನ್ನ ಮಾವ ಒಂದು ಊಟಕ್ಕೆಂದು ಬಂದವರು ಮೂರು ದಿನ ಮಲಗಿಯೇ ಇದ್ದರು. ಅದಿರಲಿ.

ಸಾಲಿಗೆ ಒಂದು ಪದ್ಧತಿಯಿತ್ತು. ಮನೆ ಮುಗಿಸುವವನು ಕೊನೆಯ ಗೋಡೆಯನ್ನು ಸಪಾಟು ಮಾಡಬಾರದು. ಮೂಲೆಯಲ್ಲಿ ಕೆಳಗಿನಿಂದ ಮೇಲಕ್ಕೆ ನಾಲ್ಕು ಕಲ್ಲು ಹೊರಗೆ ಚಾಚಿ ಬಿಡಬೇಕು. ಪಕ್ಕದಲ್ಲಿ ಕಟ್ಟುವವನು ತನ್ನ ಗೋಡೆಯನ್ನು ಅವಕ್ಕೆ ಹೆಣೆಯುತ್ತಾನೆ. ಏಳನೆಯ ಮನೆ ನಮ್ಮ ಮುತ್ಯಾನದು, ಅಂದರೆ ಅಜ್ಜನದು. ಅವನೂ ನಾಲ್ಕು ಕಲ್ಲು ಬಿಟ್ಟ. ಅಷ್ಟರಲ್ಲಿ ಖಣಿಯಲ್ಲಿ ನೀರೆದ್ದು ಕೆಲಸ ನಿಂತಿತು, ಜನ ಕಬ್ಬಿನ ಹೊಲಕ್ಕಿಳಿದರು, ಎಂಟನೆಯವನು ಬರಲೇ ಇಲ್ಲ.

"ತಲಿ ಒಡೀತೈತಿ, ಅವನ್ನ ಒಡದ ಒಗಿ ಮುತ್ಯಾ," ಎಂದು ಚಿಕ್ಕವನಿದ್ದಾಗ ಎಷ್ಟು ಸಲ ಅತ್ತಿದ್ದೇನೋ.

"ಮುಂದಿನಾಂವ ಬಂದ್ರ ಏನ್ ಹೇಳ್ಲಿ? ನೀ ತಲಿ ಬಗ್ಗಿಸಿ ನಡಿ."

ಸಾಯುವವರೆಗೂ ಅದೇ ಮಾತು. ಬಾರದವನಿಗಾಗಿ ಇದ್ದವರ ತಲೆ ಒಡೆಯುವ ಮನುಷ್ಯನ ಮೇಲೆ ಸಿಟ್ಟು ಬಾರದೇ, ನೀವೇ ಹೇಳಿ?

ಈಗ ಮಗಳ ಹೊಲಿಗೆ ಮಷೀನಿಗೆ ಪಕ್ಕದಲ್ಲೊಂದು ಕೋಣೆ ಬೇಕಾಗಿದೆ. ಹಾರೂಗೇರಿಯಿಂದ ಗೋಡೆ ಕಟ್ಟುವ ಗೌಂಡಿ ಬಂದ ಕೂಡಲೇ, ಹಣೆ ಒತ್ತಿಕೊಂಡು, "ಮೊದಲ ಆ ಕಲ್ಲು ಒಡಿ," ಎಂದೆ. ಅವನು ಎತ್ತಿದ ಸುತ್ತಿಗೆ ಇಳಿಸಿ ಸಂದಿಯಲ್ಲಿ ಕೈಯಾಡಿಸಿದ.

"ಒಡ್ಯೂದ್ಯಾಕ್ರಿ? ಯಾರೋ ನಿಮಗ ಗ್ವಾಡಿ ಜೋಡಸಾಕ ಬಿಟ್ಟಾರಲ್ರಿ. ಒಂದ ಮೊಳ ಗ್ವಾಡಿ ಒಳಗ ಹೋಗ್ಯಾವ."

ನಾನೂ ಸಂದಿಗೆ ಕೈ ಹಾಕಿ ನೋಡಿದೆ. ಮುತ್ಯಾ ಕಾದಿದ್ದ ಎಂಟನೆಯವನು ಇಷ್ಟು ವರ್ಷ ಅವನ ಮನೆಯಲ್ಲೇ ಉಂಡು, ಅವನನ್ನೇ ಬೈದುಕೊಂಡಿದ್ದ. ನಾಚಿಕೆಯಾಯಿತು. ಹಣೆ ಉರಿಯುವುದಂತೂ ನಿಲ್ಲಲಿಲ್ಲ.

"ಕಲ್ಲಿನಾಗ ಕಟ್ಟು, ಇದಕ್ಕ ಹೆಣದ," ಎಂದೆ. ಗೌಂಡಿ ದಾರ ಹಿಡಿದು ಅಳತೆ ಗುರುತಿಸಿದ. "ಆ ಕಡಿ ತುದಿ ಸಪಾಟ ಮಾಡ್ಲೇನ್ರಿ?"

"ಬ್ಯಾಡ. ನಾಕ ಕಲ್ಲ ಹೊರಗ ಬಿಡು."

ಒಳಗಿನಿಂದ ಹೆಂಡತಿ ಕೂಗಿದಳು: "ಇನ್ನ ಯಾರ ಹಣಿ ಒಡೀಬೇಕಂತ ಮಾಡೀರಿ?"

"ಮುಂದಿನಾಂವ ಬಂದ್ರ ಏನ್ ಹೇಳ್ಲಿ?" ಎಂದೆ, ಹಣೆ ತಿಕ್ಕಿಕೊಳ್ಳುತ್ತ.