ಎಡಬಲ ತಪ್ಪಿಸಿದ ಸ್ಪ್ರಿಂಗುಗಳು

ಅಣ್ಣಾ, ಜೀಪಿನ ಸ್ಪ್ರಿಂಗುಗಳನ್ನು ಎಡಬಲ ತಪ್ಪಿಸಿ ಹಾಕಿದವಳು ನಾನೇ. ಗೊತ್ತಿಲ್ಲದೆ ಅಲ್ಲ — ಬೇಕೆಂದೇ ಹಾಕಿದೆ. ನಿಮ್ಮನ್ನು ಡ್ರೈವರ್ ಸೀಟಿನಿಂದ ಎಬ್ಬಿಸಲು ನನಗೆ ಬೇರೆ ದಾರಿ ಕಾಣಲಿಲ್ಲ.

ಅಣ್ಣ ಎಂದೇ ಕರೆದು ಬೆಳೆದ ಹೆತ್ತ ತಂದೆಗೆ ಮಗಳು ಇಂಥದ್ದು ಮಾಡುತ್ತಾಳೆಯೇ ಎಂದು ಯಾರು ಬೇಕಾದರೂ ಕೇಳಲಿ, ನಾನು ತಲೆ ತಗ್ಗಿಸುವುದಿಲ್ಲ. ಕೋಯಂಬೇಡು ಮಾರ್ಕೆಟ್ಟಿನ ಮುಂದೆ ಹೂವಿನ ಬುಟ್ಟಿ ಹೊತ್ತು ರಸ್ತೆ ದಾಟುತ್ತಿದ್ದ ಹೆಂಗಸು ನಿಮ್ಮ ಕಣ್ಣಿಗೆ ಬೀಳಲೇ ಇಲ್ಲ. ಪಕ್ಕದಲ್ಲಿದ್ದ ನಾನು ಹ್ಯಾಂಡ್‌ಬ್ರೇಕ್ ಎಳೆದೆ. ಬುಟ್ಟಿ ಉರುಳಿತು, ಅವಳು ಉಳಿದಳು. ನೀವೋ, ಅವಳೇ ಅಡ್ಡ ಬಂದಳೆಂದು ಮನೆ ಸೇರುವವರೆಗೂ ಗೊಣಗಿದಿರಿ. ಇನ್ನು ಗಾಡಿ ಓಡಿಸಬೇಡಿ ಎಂದು ಕಣ್ಣಿನ ಡಾಕ್ಟರು ಹೇಳಿದರು, ಅಮ್ಮ ಅತ್ತಳು, ನಾನು ಜಗಳವಾಡಿದೆ. ಕೋಡಂಬಾಕ್ಕಂ ಸಿನಿಮಾ ಸ್ಟುಡಿಯೋಗಳಲ್ಲಿ ಕ್ಯಾಮೆರಾ ಹೊತ್ತ ಜೀಪನ್ನು ಒಂದಿಷ್ಟೂ ಅಲುಗದಂತೆ ಓಡಿಸಿದವರಿಗೆ ನಾವು ಯಾವ ಲೆಕ್ಕ?

ಅಷ್ಟರಲ್ಲಿ ಮುಂದಿನ ಸ್ಪ್ರಿಂಗುಗಳ ಪಟ್ಟಿಗಳು ಮುರಿದವು. ಹೊಸ ಜೋಡಿ ಹಾಕುವ ಕೆಲಸ ನನ್ನ ಪಾಲಿಗೆ ಬಂತು — ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವರು ನೀವೇ ತಾನೆ. ಈ ಜೀಪಿಗೆ ಎರಡೂ ಕಡೆಯ ಸ್ಪ್ರಿಂಗ್ ಒಂದೇ ಅಲ್ಲ. ಡ್ರೈವರೂ ಪೆಟ್ರೋಲ್ ಟ್ಯಾಂಕೂ ಇರುವ ಬಲಗಡೆಯದು ಹೆಚ್ಚು ಗಟ್ಟಿ. ಖಾಲಿ ನಿಂತಾಗ ಆ ಕಡೆ ಎತ್ತರವಾಗಿ ಕಂಡರೂ ಡ್ರೈವರ್ ಕೂತ ಮೇಲೆ ಗಾಡಿ ಸಮವಾಗುತ್ತದೆ. ಇದೆಲ್ಲ ನಿಮ್ಮ ಪಾಠ. ಆ ಪಾಠವನ್ನೇ ನಿಮ್ಮ ಮೇಲೆ ತಿರುಗಿಸಿದೆ. ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಹಾಕಿ ಬೋಲ್ಟ್ ಬಿಗಿದೆ.

ಮರುದಿನ ನೀವು ಬೀದಿಯ ತುದಿಯವರೆಗೆ ಓಡಿಸಿದಿರಿ. ನಾನು ಪಕ್ಕದಲ್ಲೇ ಕೂತಿದ್ದೆ, ಕೈ ಹ್ಯಾಂಡ್‌ಬ್ರೇಕ್ ಮೇಲೆ. ಗಾಡಿ ನಿಮ್ಮ ಕಡೆಗೆ ವಾಲಿತ್ತು. ನಿಲ್ಲಿಸಿ, ಎಡಬಲ ನೋಡಿ ಹಾಕಿದೆಯಾ ಎಂದು ಕೇಳಿದಿರಿ.

"ನೋಡೇ ಹಾಕಿದೀನಿ, ಅಣ್ಣ."

ಇಳಿದು, ಬಗ್ಗಿ, ಕೈಯಾಡಿಸಿ ನೋಡುತ್ತೀರಿ ಎಂದುಕೊಂಡಿದ್ದೆ. ಸಿಕ್ಕಿಬಿದ್ದರೆ ಅಲ್ಲೇ ಇನ್ನೊಂದು ಜಗಳಕ್ಕೂ ತಯಾರಾಗಿದ್ದೆ. ನೀವು ಇಳಿಯಲೇ ಇಲ್ಲ.

"ನೀ ಹಾಕಿದ್ರೆ ಸರಿಯಾಗೇ ಇರತ್ತೆ. ವಾಲ್ತಿರೋದು ವಂಡಿ ಅಲ್ಲಮ್ಮ, ನಾನು."

ಕೀಲಿ ನನ್ನ ಕೈಗೆ ಬಂತು. ಗೆದ್ದೆ ಎಂದುಕೊಂಡೆ —

ಗಾಡಿ ಅಂದಿನಿಂದ ಪೋರ್ಟಿಕೋದಲ್ಲೇ ನಿಂತಿದೆ. ಆದರೆ ನೀವು ಬಿಟ್ಟದ್ದು ಅದೊಂದನ್ನೇ ಅಲ್ಲ. ತಾರಸಿಯ ಮೆಟ್ಟಿಲು ಹತ್ತುವುದನ್ನು ಬಿಟ್ಟಿರಿ, ಸಂಜೆಯ ವಾಕಿಂಗ್ ಬಿಟ್ಟಿರಿ. ನಡುಮನೆಯಲ್ಲೂ ಗೋಡೆ ಹಿಡಿದು ನಡೆಯತೊಡಗಿದಿರಿ. ತಲೆ ತಿರುಗುತ್ತದೆಯೇ ಎಂದು ಅಮ್ಮ ಕೇಳಿದರೆ, ಇಲ್ಲ, ಮೈಯೇ ಒಂದು ಕಡೆಗೆ ಎಳೆಯುತ್ತದೆ ಅನ್ನುತ್ತೀರಿ. ಎರಡು ವರ್ಷದಿಂದ ಅದನ್ನು ಕೇಳುತ್ತಾ, ನಿಮ್ಮ ಮೊಸರನ್ನಕ್ಕೆ ಉಪ್ಪಿನಕಾಯಿ ಬಡಿಸುತ್ತಾ — ನಾನು ಬಾಯಿ ಬಿಡಲಿಲ್ಲ. ಗಾಡಿ ಓಡಿಸುವುದನ್ನು ಬಿಡಿಸಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ನಾಳೆ ಬೇಕಾದರೂ ಬಿಡಿಸುತ್ತೇನೆ. ನಿಮ್ಮ ಮೈಯನ್ನು ನೀವೇ ನಂಬದ ಹಾಗೆ ಮಾಡಿದೆನಲ್ಲ, ಅದು ಪಾಪ. ನಿಮಗೆ ನನ್ನ ಕೈಯ ಮೇಲಿದ್ದ ನಂಬಿಕೆಯಿಂದಲೇ ಅದನ್ನು ಮಾಡಿದೆ.

ಇವತ್ತು ಬೆಳಗ್ಗೆ ಬಿಚ್ಚಿ, ಎರಡನ್ನೂ ಅವುಗಳ ಜಾಗಕ್ಕೇ ಹಾಕಿದ್ದೇನೆ. ಸೆರಗೆಲ್ಲ ಗ್ರೀಸ್. ಬನ್ನಿ, ನಿಮ್ಮ ಸೀಟಿನಲ್ಲಿ ಒಮ್ಮೆ ಕೂರಿ. ಕೂತೊಡನೆ ಗಾಡಿ ಸಮವಾಗುತ್ತದೆ. ವಾಲಿದ್ದು ನೀವಲ್ಲ ಎಂದು ಕಣ್ಣು ಮುಚ್ಚಿಕೊಂಡಿದ್ದರೂ ನಿಮಗೆ ತಿಳಿಯುತ್ತದೆ. ಆಮೇಲೆ ಬೈಯಿರಿ, ಮಾತು ಬಿಡಿ, ನಾನು ಕೂತ ಕಡೆ ಕೂರಬೇಡಿ.

ಕೀಲಿ ಮಾತ್ರ ನನ್ನ ಸೊಂಟದಲ್ಲೇ ಇರುತ್ತದೆ.