ನಿದ್ದೆ ಹೋದ ಕೋಶಗಳ ಬೆನ್ನುಹತ್ತಿದವಳು

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಕೆಲಸ ರಕ್ತದ ಕ್ಯಾನ್ಸರಿಗೆ ಮದ್ದು ಹುಡುಕುವುದು. ಮಾತುಮಾತಿಗೂ ನಗುವುದು ಹುಟ್ಟುಗುಣ. ಗಾಜಿನ ತಟ್ಟೆಗಳಲ್ಲಿ ಸಾಕಿದ ಕ್ಯಾನ್ಸರ್ ಜೀವಕೋಶಗಳಿಗೆ ದಿನ ಬಿಟ್ಟು ದಿನ ಹೊಸ ದ್ರಾವಣ ಹಾಕಲೇಬೇಕು. ಅದಕ್ಕೆಂದು ಭಾನುವಾರವೂ ಅವಳು ಚಪ್ಪಲಿ ಮೆಟ್ಟಿದರೆ, ಚಿತ್ರಕಲೆಯ ಮೇಷ್ಟ್ರಾಗಿದ್ದ ಗಂಡ, "ಹೋಗು, ನಿನ್ನ ಸಾಕುಮಕ್ಕಳು ಹಸ್ಕೊಂಡಿರ್ತಾವೆ," ಎಂದು ಕಾಲೆಳೆಯುತ್ತಿದ್ದ.

ಚಾಲ್ತಿಯಲ್ಲಿದ್ದ ಮದ್ದು ಕೆಟ್ಟದ್ದೇನಲ್ಲ. ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುವ ಕೋಶಗಳನ್ನು ಹೇಳಹೆಸರಿಲ್ಲದಂತೆ ಮಾಡುತ್ತಿತ್ತು. ಆದರೂ ಗುಣವಾಗಿ ಮನೆಗೆ ಹೋದವರಲ್ಲಿ ಹಲವರು ಮತ್ತೆ ಆಸ್ಪತ್ರೆಯ ಬಾಗಿಲಿಗೆ ಬರುತ್ತಿದ್ದರು. ಯಾಕೆಂದು ತಿಳಿಯಲು ಅವಳು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತಳು. ಮದ್ದು ಹಾಕಿದ ತಟ್ಟೆಯ ಮೂಲೆಯಲ್ಲಿ ನಾಲ್ಕಾರು ಕೋಶಗಳು ಬೆಳೆಯದೆ, ಸಾಯದೆ ತೆಪ್ಪಗೆ ಬಿದ್ದಿದ್ದವು. ಬೆಳೆಯುವುದನ್ನಷ್ಟೇ ಹೊಡೆಯುವ ಮದ್ದು ಅವುಗಳ ತಂಟೆಗೇ ಹೋಗಿರಲಿಲ್ಲ. ಮುಂದೆಂದೋ ಅವು ನಿದ್ದೆಯಿಂದೆದ್ದರೆ ಕಾಯಿಲೆ ಮರಳುತ್ತಿತ್ತು.

"ಇವನ್ನ ಮೊದಲು ಎಬ್ಬಿಸ್ಬೇಕು ಸಾರ್. ಎದ್ದ ಮೇಲೆ ಹೊಡೀಬೇಕು," ಎಂದಳು ಮುಖ್ಯಸ್ಥರಿಗೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮಲಗಿರೋ ಹಾವನ್ನ ಕೆಣಕೋದು ಯಾಕಮ್ಮ?"

"ಅದು ಹುತ್ತದೊಳಗೇ ಇದ್ರೆ ಕೋಲು ಹಿಡ್ಕೊಂಡು ಏನು ಮಾಡೋದು ಸಾರ್?"

ಅವರಿಗೆ ನಗು ಬಂತು. ನಗುತ್ತಲೇ ಒಪ್ಪಿಕೊಂಡರು.

ಎಬ್ಬಿಸುವ ಮದ್ದು ಸಿಗಲು ವರ್ಷಗಳೇ ಹಿಡಿದವು. ಸಿಕ್ಕ ಮೇಲೂ ಇಲಿಗಳ ಮೇಲಿನ ಮೊದಲ ಪ್ರಯೋಗ ಕೈಕೊಟ್ಟಿತು. ಎಬ್ಬಿಸುವ ಮದ್ದಿಗೂ ಹೊಡೆಯುವ ಮದ್ದಿಗೂ ನಡುವೆ ಬಿಟ್ಟ ಅಂತರ ಹೆಚ್ಚಾಗಿ, ಎದ್ದ ಕೋಶಗಳು ಅವುಗಳ ಮೈತುಂಬ ಹರಡಿಬಿಟ್ಟವು. ಅಂದು ಅವಳು ಅನ್ನ ಮುಟ್ಟಲಿಲ್ಲ. ಗಂಡ ಸಮಾಧಾನ ಹೇಳಲು ಹೋಗಲಿಲ್ಲ, "ಈಗ ಯಾವುದನ್ನ ಬದಲಾಯಿಸ್ತೀಯ?" ಎಂದಷ್ಟೇ ಕೇಳಿದ. ಅವನಿಗೆ ವಿವರಿಸುತ್ತಾ ವಿವರಿಸುತ್ತಾ ಅವಳಿಗೇ ದಾರಿ ಹೊಳೆಯಿತು. ಅಂತರ ತಗ್ಗಿಸಿದಳು. ಮುಂದಿನ ಸರದಿಯ ಇಲಿಗಳು ತಿಂದುಂಡು, ಪಂಜರದ ತುಂಬ ಓಡಾಡಿಕೊಂಡು ಗುಂಡುಗುಂಡಾದವು.

ಆಮೇಲೆ ಆಸ್ಪತ್ರೆಯಲ್ಲಿ, ತಾವಾಗಿ ಒಪ್ಪಿ ಬಂದ ರೋಗಿಗಳ ಮೇಲೆ ಪರೀಕ್ಷೆ. ಯಾರು ಯಾರೆಂದು ಅವಳಿಗೆ ಗೊತ್ತಿಲ್ಲ. ಕೈಗೆ ಬರುತ್ತಿದ್ದುದು ಸಂಖ್ಯೆ ಅಂಟಿಸಿದ ರಕ್ತದ ಟ್ಯೂಬುಗಳು ಮಾತ್ರ. ಅರ್ಧಕ್ಕಿಂತ ಹೆಚ್ಚು ಜನರ ರಕ್ತದಲ್ಲಿ ಎಷ್ಟು ಜಾಲಾಡಿದರೂ ಆ ಕೋಶಗಳು ಸಿಗದಾದಾಗ, ಕೋಶ ಎಣಿಸುವ ಯಂತ್ರವೇ ಕೆಟ್ಟಿದೆಯೆಂದು ರಿಪೇರಿಯವನನ್ನು ಕರೆಸಿದಳು. ಅವನು ಬಿಚ್ಚಿ, ಜೋಡಿಸಿ, "ಮೇಡಂ, ಮಿಷಿನ್ ಗುಂಡುಕಲ್ಲಿನ ಹಾಗಿದೆ," ಎಂದು ಹೇಳಿ ಹೋದ. ವರ್ಷ ಕಳೆದರೂ ಕೋಶಗಳು ಮರಳಲಿಲ್ಲ. ಎಲ್ಲರಿಗೂ ಗುಣವಾಗಲಿಲ್ಲ, ನಿಜ. ಆ ಉಳಿದವರಿಗಾಗಿ ಅವಳು ಆಗಲೇ ಮತ್ತೊಂದು ಮದ್ದಿನ ಬೆನ್ನುಹತ್ತಿದ್ದಳು.

ಫಲಿತಾಂಶ ಹೊರಬಿದ್ದ ವಾರ ದಪ್ಪ ಮೀಸೆಯವನೊಬ್ಬ ವಿಳಾಸ ಹುಡುಕಿಕೊಂಡು ಬಂದ. ಹೊಸ ಮದ್ದಿನಿಂದ ಗುಣವಾದವರಲ್ಲೊಬ್ಬ, ಬ್ಯಾಂಡ್‌ಸೆಟ್ಟಿನಲ್ಲಿ ತುತ್ತೂರಿ ಊದುವವನು. ಕಾಯಿಲೆ ಬಿದ್ದಾಗ ಒಸಡಿನಿಂದ ರಕ್ತ ಸುರಿದು ಊದುವುದನ್ನೇ ಬಿಟ್ಟಿದ್ದನಂತೆ.

"ನನ್ನನ್ನ ಹಾಸಿಗೆ ಹಿಡಿಸಿದ್ದು ಯಾವುದು, ಒಂಚೂರು ತೋರಿಸ್ತೀರಾ ಅಕ್ಕಾ?"

ಅವಳು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ ತೋರಿಸಿದಳು. ಅವನು ಬಹಳ ಹೊತ್ತು ನೋಡಿದ.

"ಇಷ್ಟೇನಾ? ಸಾಸಿವೆ ಕಾಳಿನ ಮೊಮ್ಮಗನ ಹಾಗಿರೋ ಇದಕ್ಕೆ ಹೆದರಿ ವಿಲ್ ಬರ್ಸೋಕೆ ಹೊರಟಿದ್ನಲ್ಲ."

ಆಮೇಲೆ ಹೊರಗಿನ ಪಡಸಾಲೆಯಲ್ಲಿ ನಿಂತು ತುತ್ತೂರಿ ತೆಗೆದ. ಗೋಡೆಗಳು ಗುಂಯ್ ಎಂದವು. ಕೈಗವಸು ತೊಟ್ಟವರೆಲ್ಲ ಬಾಗಿಲುಗಳಿಗೆ ಬಂದರು. ಗದರಿಸಲೆಂದು ಬಂದ ಮುಖ್ಯಸ್ಥರು ಗೋಡೆಗೊರಗಿ ಬೆರಳಲ್ಲಿ ತಾಳ ಹಾಕತೊಡಗಿದರು. ದೊಡ್ಡಕ್ಕ ಕಣ್ಣೊರೆಸಿಕೊಳ್ಳುತ್ತಾ, ನಗುತ್ತಾ, ಗಂಡನಿಗೆ ಫೋನು ಹಚ್ಚಿದಳು.

"ರೀ, ಏನೂ ಮಾತಾಡ್ಬೇಡಿ. ಸುಮ್ನೆ ಕೇಳಿ," ಎಂದು ಫೋನನ್ನು ತುತ್ತೂರಿಯ ಕಡೆ ಎತ್ತಿ ಹಿಡಿದಳು.